ಓದೋಕೆ ಬರುತ್ತೆ, ಅರ್ಥ ಆಗಲ್ಲ: ಯಹೂದಿ ಸಮುದಾಯಗಳ ಹೀಬ್ರೂ ಪಾಠ

2013ರಲ್ಲಿ ಪ್ಯೂ ಸಂಶೋಧನಾ ಕೇಂದ್ರ ಅಮೆರಿಕದ ಯಹೂದಿಗಳ ಬಗ್ಗೆ ಒಂದು ದೊಡ್ಡ ಸಮೀಕ್ಷೆ ಮಾಡಿತು. ಹೀಬ್ರೂ ಅಕ್ಷರಮಾಲೆ ಗೊತ್ತು ಅಂದವರು ನೂರಕ್ಕೆ 52 ಜನ. ಓದಿದ್ದರಲ್ಲಿ ಎಲ್ಲವೂ ಅಥವಾ ಹೆಚ್ಚಿನ ಪದಗಳು ಅರ್ಥ ಆಗುತ್ತವೆ ಅಂದವರು 13 ಜನ ಮಾತ್ರ. ನಡುವೆ ಉಳಿದ 39 ಜನರ ಮಾತು ಇಲ್ಲಿ ಮುಖ್ಯ. ಇವರು ಕಲಿಯದೆ ತಪ್ಪಿಸಿಕೊಂಡವರಲ್ಲ. ಬಹಳಷ್ಟು ಜನ ಚಿಕ್ಕಂದಿನಲ್ಲಿ ವರ್ಷಗಟ್ಟಲೆ ಹೀಬ್ರೂ ಕ್ಲಾಸಿಗೆ ಹೋದವರೇ. ಅಪ್ಪ ಅಮ್ಮ ಫೀಸು ಕಟ್ಟಿದ್ದಾರೆ, ಸಂಜೆ ಕಾರಿನಲ್ಲಿ ಬಿಟ್ಟು ಕಾದಿದ್ದಾರೆ. ಅಷ್ಟಾದರೂ ಪುಸ್ತಕ ಕೈಗೆ ಕೊಟ್ಟರೆ ಸರಸರ ಓದುತ್ತಾರೆ, ಏನು ಓದಿದೆ ಅಂತ ಕೇಳಿದರೆ ಸುಮ್ನೆ ನಗುತ್ತಾರೆ.

ಹೀಬ್ರೂವನ್ನು ಉಳಿಸಬೇಕು, ಬೆಳೆಸಬೇಕು, ಮಕ್ಕಳಿಗೆ ಕಲಿಸಬೇಕು ಎಂದು ಸಿನಗಾಗ್ ಎಂಬ ಪ್ರಾರ್ಥನಾ ಮಂದಿರಗಳಲ್ಲಿ, ಸಮುದಾಯದ ಸಭೆಗಳಲ್ಲಿ ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ಮಾತು ನಡೆದಿದೆ. ದುಡ್ಡೂ ಖರ್ಚಾಗಿದೆ. ಆದರೆ ಆ ಒಂದೇ ಹೆಸರಿನ ಕೆಳಗೆ ಮೂರು ಬೇರೆ ಬೇರೆ ಕಲಿಕೆಗಳಿವೆ. ಪ್ರಾರ್ಥನೆಯನ್ನು ತಡವರಿಸದೆ ಗಟ್ಟಿಯಾಗಿ ಓದುವುದು ಒಂದು. ಹಳೆಯ ಗ್ರಂಥವನ್ನು ಅರ್ಥ ಮಾಡಿಕೊಂಡು ಓದುವುದು ಇನ್ನೊಂದು. ಬಾಯಿಬಿಟ್ಟು ಮಾತಾಡುವುದು ಮೂರನೆಯದು. ಸಮುದಾಯ ಆಸೆಪಡುವುದು ಮೂರಕ್ಕೂ. ಸಮಯ ಕೊಡುವುದು ಮೊದಲನೆಯದಕ್ಕೆ ಮಾತ್ರ.

ಮೊದಲನೆಯದೇನು ಸುಲಭ ಅಂದುಕೊಳ್ಳಬೇಡಿ. ಹೀಬ್ರೂವಿಗೆ ಅಕ್ಷರ 22. ಎಲ್ಲವೂ ಮೂಲತಃ ವ್ಯಂಜನಗಳು. ಬಲದಿಂದ ಎಡಕ್ಕೆ ಬರೆಯುತ್ತಾರೆ. ಸ್ವರಗಳಿಗೆ ಅಕ್ಷರದ ಕೆಳಗೋ ಮೇಲೋ ಒಳಗೋ ಚುಕ್ಕಿ, ಗೆರೆ ಇಡುವ ಪದ್ಧತಿ ಇದೆ, ಅದಕ್ಕೆ ನಿಕ್ಕುದ್ ಅನ್ನುತ್ತಾರೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ತಿಬೆರಿಯಾಸ್ ಊರಿನ ಪಂಡಿತರು ಇದನ್ನು ಒಂದು ಹದಕ್ಕೆ ತಂದರು. ಮಕ್ಕಳ ಪುಸ್ತಕ, ಪದ್ಯ, ಪ್ರಾರ್ಥನೆ ಪುಸ್ತಕಗಳಲ್ಲಿ ಈ ಚುಕ್ಕಿಗಳಿರುತ್ತವೆ. ಇವತ್ತಿನ ಪತ್ರಿಕೆ, ಕಾದಂಬರಿ, ಬಸ್ಸಿನ ಬೋರ್ಡು, ವಾಟ್ಸಾಪ್ ಸಂದೇಶ ಎಲ್ಲೂ ಇರುವುದಿಲ್ಲ. ಕನ್ನಡದಲ್ಲಿ ಕಾಗುಣಿತದ ಗುರುತುಗಳನ್ನೆಲ್ಲ ಕಿತ್ತುಹಾಕಿದರೆ ಮರ, ಮಾರಿ, ಮೂರು, ಮೋರಿ ನಾಲ್ಕೂ ‘ಮರ’ ಅಂತಲೇ ಕಾಣುತ್ತವೆ ಅಲ್ವಾ? ಹೀಬ್ರೂವಿನಲ್ಲಿ ಕೆಲವು ವ್ಯಂಜನಗಳು ಸ್ವರದ ಕೆಲಸವನ್ನೂ ಮಾಡಿ ಸ್ವಲ್ಪ ಸಹಾಯ ಮಾಡುತ್ತವೆ. ಉಳಿದದ್ದನ್ನು ಸಂದರ್ಭ ನೋಡಿಯೇ ಹಿಡಿಯಬೇಕು. ಅಂದರೆ ಭಾಷೆ ಗೊತ್ತಿದ್ದವರಿಗೆ ಮಾತ್ರ ಚುಕ್ಕಿಯಿಲ್ಲದ ಬರಹ ಓದಲು ಬರುತ್ತದೆ. ಚುಕ್ಕಿ ಹಿಡಿದು ಓದುವುದನ್ನಷ್ಟೇ ಕಲಿತ ಮಗುವಿಗೆ ಟೆಲ್ ಅವೀವ್‌ನ ಪತ್ರಿಕೆ ಕೊಟ್ಟರೆ ಮೊದಲ ಸಾಲಿನಲ್ಲೇ ನಿಂತುಬಿಡುತ್ತದೆ.

ಈಗ ಬಾರ್ ಮಿಟ್ಸ್ವಾ ನೋಡೋಣ. ಹದಿಮೂರು ತುಂಬಿದ ಹುಡುಗ ಸಮುದಾಯದ ಎದುರು ಪವಿತ್ರ ಗ್ರಂಥವಾದ ತೋರಾ ಓದುವ ದಿನ ಅದು. ಹೆಚ್ಚಿನ ಕಡೆ ಈಗ ಹುಡುಗಿಯರೂ ಓದುತ್ತಾರೆ, ಅದಕ್ಕೆ ಬಾತ್ ಮಿಟ್ಸ್ವಾ ಅಂತ ಹೆಸರು. ಓದಬೇಕಾದದ್ದು ಚರ್ಮದ ಸುರುಳಿಯಿಂದ. ಕೈಬರಹದ ಆ ಸುರುಳಿಯಲ್ಲಿ ಚುಕ್ಕಿಯೂ ಇಲ್ಲ, ರಾಗದ ಗುರುತೂ ಇಲ್ಲ. ಮಗು ಏನು ಮಾಡುತ್ತದೆ? ತಿಕ್ಕುನ್ ಎಂಬ ಅಭ್ಯಾಸದ ಪುಸ್ತಕ ಹಿಡಿಯುತ್ತದೆ. ಅದರ ಪುಟದಲ್ಲಿ ಎರಡು ಕಂಬ. ಒಂದರಲ್ಲಿ ಚುಕ್ಕಿ, ರಾಗದ ಗುರುತು ಎಲ್ಲ ಇವೆ. ಪಕ್ಕದ ಕಂಬದಲ್ಲಿ ಅದೇ ಸಾಲುಗಳು ಸುರುಳಿಯಲ್ಲಿ ಇರುವ ಹಾಗೇ ಬೋಳು. ಮೊದಲ ಕಂಬ ನೋಡಿ ಹಾಡುವುದು, ಕಣ್ಣು ಪಕ್ಕಕ್ಕೆ ಹಾಯಿಸಿ ಮತ್ತೆ ಹಾಡುವುದು. ಹಾಡಿಕೊಟ್ಟ ಆಡಿಯೋ ಫೈಲು ಫೋನಿನಲ್ಲಿ ಇರುತ್ತದೆ. ತಿಂಗಳುಗಟ್ಟಲೆ ಇದೇ. ಆ ದಿನ ಬಂದಾಗ ಬೆಳ್ಳಿಯ ಕಡ್ಡಿಯಿಂದ ಸಾಲು ತೋರಿಸುತ್ತಾ ಮಗು ಓದುತ್ತದೆ. ಪಕ್ಕದಲ್ಲಿ ನಿಂತವರು ಒಂದು ಸ್ವರ ತಪ್ಪಿದರೂ ತಕ್ಷಣ ತಿದ್ದುತ್ತಾರೆ. ಅರ್ಥ ಗೊತ್ತಾ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಅರ್ಥ ಹೇಳುವ ಭಾಷಣ ಆಮೇಲೆ ಇಂಗ್ಲಿಷ್‌ನಲ್ಲಿ ಇರುತ್ತದೆ.

ಇದನ್ನು ಬರೀ ಉರು ಹೊಡೆಯುವುದು ಅಂತ ತಳ್ಳಿಹಾಕುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಹದಿಮೂರರ ಮಗು ಸಭೆಯ ಮುಂದೆ ನಿಂತು ಇಷ್ಟು ಹಳೆಯ ಪಠ್ಯವನ್ನು ತಪ್ಪಿಲ್ಲದೆ ಹಾಡುವುದು ಚಿಕ್ಕ ಕೆಲಸವಲ್ಲ. ತೊಂದರೆ ಇರುವುದು ಬೇರೆ ಕಡೆ. ಇದನ್ನೇ ‘ಹೀಬ್ರೂ ಕಲಿತಾಯಿತು’ ಎಂದು ಮನೆಯವರೂ ಸಮುದಾಯವೂ ಅಂದುಕೊಳ್ಳುತ್ತಾರೆ. ಮಾರನೇ ವಾರದಿಂದ ಮಗು ಕ್ಲಾಸಿಗೆ ಬರುವುದನ್ನೇ ಬಿಡುತ್ತದೆ.

ಹಿಂದೆ ಹೇಗಿತ್ತು? ಪೂರ್ವ ಯುರೋಪಿನಲ್ಲಿ ಗಂಡುಮಕ್ಕಳು ಮೂರು, ನಾಲ್ಕು ವರ್ಷಕ್ಕೇ ಹೆದರ್ ಎಂಬ ಮಠಕ್ಕೆ ಸೇರುತ್ತಿದ್ದರು. ಮಧ್ಯಯುಗದ ಜರ್ಮನಿ, ಫ್ರಾನ್ಸ್ ಕಡೆ ಮೊದಲ ದಿನ ಅಕ್ಷರಗಳ ಮೇಲೆ ಜೇನು ಸವರಿ ಮಗುವಿನಿಂದ ನೆಕ್ಕಿಸುತ್ತಿದ್ದರು. ಹೆದರ್‌ನಲ್ಲಿ ಮೇಷ್ಟ್ರು ಒಂದು ಹೀಬ್ರೂ ಪದ ಹೇಳುವುದು, ಹಿಂದೆಯೇ ಅದರ ಯಿಡ್ಡಿಶ್ ಅರ್ಥ ಹೇಳುವುದು, ಮಕ್ಕಳೆಲ್ಲ ಒಟ್ಟಿಗೆ ಒದರುವುದು. ದಿನಕ್ಕೆ ಎಂಟು, ಹತ್ತು ಗಂಟೆ ಹೀಗೆ ನಡೆಯುತ್ತಿತ್ತು. ಬೆತ್ತವೂ ಇತ್ತು. ಮನೆಯಲ್ಲಿ, ಸಂತೆಯಲ್ಲಿ ಆಡುವ ಮಾತು ಯಿಡ್ಡಿಶ್ ಆಗಿದ್ದರೂ ಗಂಡಸರಲ್ಲಿ ತುಂಬಾ ಜನಕ್ಕೆ ಪವಿತ್ರ ಭಾಷೆ ಓದಿ ತಿಳಿಯುತ್ತಿತ್ತು. ಹೆಣ್ಣುಮಕ್ಕಳನ್ನು ಮಾತ್ರ ಈ ಪಾಠಕ್ಕೆ ಹೆಚ್ಚಾಗಿ ಸೇರಿಸುತ್ತಿರಲಿಲ್ಲ. ಅವರ ಪ್ರಾರ್ಥನೆಗಳು ಯಿಡ್ಡಿಶ್‌ನಲ್ಲಿ ಇದ್ದವು.

ಹೀಬ್ರೂ ಎರಡು ಸಾವಿರ ವರ್ಷ ಸತ್ತಿತ್ತು ಅಂತ ಹೇಳುವುದುಂಟು. ಅದು ಅರ್ಧ ಸತ್ಯ. ಮನೆಮಾತು ಆಗಿರಲಿಲ್ಲ, ಅಷ್ಟೇ. ಇದಕ್ಕೆ ನಮ್ಮ ಮಂಗಳೂರಿನದೇ ಒಂದು ಪುರಾವೆ ಇದೆ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿ ಉತ್ತರ ಆಫ್ರಿಕಾದಿಂದ ಬಂದು ಇಲ್ಲಿ ಸುಮಾರು ಹದಿನೇಳು ವರ್ಷ ಇದ್ದ. ಮೆಣಸು ಕಳಿಸುತ್ತಿದ್ದ, ಕಂಚಿನ ಪಾತ್ರೆ ಮಾಡಿಸುತ್ತಿದ್ದ. ಅವನ ಕಾಗದಗಳು ಕೈರೊದ ಹಳೆಯ ಸಿನಗಾಗ್ ಒಂದರ ಕೋಣೆಯಲ್ಲಿ ಸಿಕ್ಕಿವೆ. ಅವನ ಮಾತು ಅರಬ್ಬಿ. ಆದರೆ ಲೆಕ್ಕಪತ್ರ, ಓಲೆಗಳೆಲ್ಲ ಹೀಬ್ರೂ ಅಕ್ಷರದಲ್ಲಿ ಬರೆದ ಅರಬ್ಬಿ. 1132ರಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಮಂಗಳೂರಿನಲ್ಲೇ ಪತ್ರ ಬರೆದ. ಅದನ್ನು ಯಹೂದಿ ಶಾಸ್ತ್ರದ ಕ್ರಮದಲ್ಲೇ ಬರೆದಿದ್ದಾನೆ. ಸಾಲದ್ದಕ್ಕೆ ಹೀಬ್ರೂವಿನಲ್ಲಿ ಪದ್ಯವನ್ನೂ ಕಟ್ಟುತ್ತಿದ್ದ. ಚಿಕ್ಕಂದಿನಲ್ಲಿ ಪ್ರಾರ್ಥನೆಗೆಂದು ಕಲಿತ ಅಕ್ಷರ ಹೀಗೆ ದಿನದ ವ್ಯವಹಾರಕ್ಕೂ ಒದಗುತ್ತಿತ್ತು. ಇವತ್ತಿನ ಅಮೆರಿಕದ ಮಗುವಿಗೆ ಸಿನಗಾಗ್ ಬಾಗಿಲು ದಾಟಿದ ಮೇಲೆ ಆ ಅಕ್ಷರ ಬೇಕಾಗುವ ಕೆಲಸವೇ ಇಲ್ಲ.

ಮನೆಮಾತಾಗಿ ಹೀಬ್ರೂ ಮತ್ತೆ ಎದ್ದ ಕಥೆಯಲ್ಲಿ ಎಲ್ಲರೂ ಹೇಳುವ ಹೆಸರು ಎಲಿಯೇಜರ್ ಬೆನ್ ಯೆಹೂದಾ. 1881ರಲ್ಲಿ ಪ್ಯಾಲೆಸ್ಟೈನ್‌ಗೆ ಬಂದ. ಮನೆಯಲ್ಲಿ ಹೀಬ್ರೂ ಬಿಟ್ಟು ಬೇರೆ ಮಾತೇ ಕೂಡದು ಅಂದ. ಮಗನ ಕಿವಿಗೆ ಬೇರೆ ಭಾಷೆ ಬೀಳದಂತೆ ಕಾದ. ಆ ಹುಡುಗನ ಬಾಲ್ಯ ನೆನೆಸಿಕೊಂಡರೆ ಪಾಪ ಅನ್ನಿಸುತ್ತದೆ. ಆದರೆ ಒಂದು ಮನೆಯಿಂದ ಭಾಷೆ ಬದುಕುವುದಿಲ್ಲ. ನಿಜವಾದ ಕೆಲಸ ಮಾಡಿದವರು ಹಳ್ಳಿಗಳ ಮೇಷ್ಟ್ರುಗಳು. 1886ರಲ್ಲಿ ರಿಶೋನ್ ಲೆಟ್ಸಿಯೋನ್ ಎಂಬಲ್ಲಿ ಹೀಬ್ರೂ ಶಾಲೆ ಶುರುವಾಯಿತು. ಹೀಬ್ರೂವನ್ನು ಹೀಬ್ರೂವಿನಲ್ಲೇ ಕಲಿಸುವುದು ಅವರ ರೀತಿ. ಅದಕ್ಕೆ ‘ಇವ್ರಿತ್ ಬೆ-ಇವ್ರಿತ್’ ಅನ್ನುತ್ತಾರೆ. ಗಣಿತ, ವಿಜ್ಞಾನ ಪಾಠಕ್ಕೆ ಪದಗಳೇ ಇರಲಿಲ್ಲ, ಕಟ್ಟಿಕೊಂಡರು. 1913ರಲ್ಲಿ ಹೈಫಾದ ತಾಂತ್ರಿಕ ಕಾಲೇಜಿನಲ್ಲಿ ಪಾಠ ಜರ್ಮನ್‌ನಲ್ಲಿ ನಡೆಯಬೇಕು ಎಂಬ ಮಾತು ಬಂದಾಗ ಮೇಷ್ಟ್ರುಗಳು, ವಿದ್ಯಾರ್ಥಿಗಳು ಬೀದಿಗಿಳಿದರು. ಹೀಬ್ರೂ ಗೆದ್ದಿತು. 1949ರಲ್ಲಿ ಜೆರುಸಲೇಮ್‌ನಲ್ಲಿ ಮೊದಲ ಉಲ್ಪಾನ್ ತೆರೆಯಿತು. ದೊಡ್ಡವರಿಗೆ, ಹೊಸದಾಗಿ ಬಂದ ವಲಸಿಗರಿಗೆ ಬಿರುಸಿನ ಪಾಠ. ದಿನಕ್ಕೆ ಐದು ಗಂಟೆ, ವಾರಕ್ಕೆ ಐದು ದಿನ, ಐದು ತಿಂಗಳು.

ಗೆಲುವಿಗೆ ಬೆಲೆಯೂ ಇತ್ತು. 1920ರ ದಶಕದ ಟೆಲ್ ಅವೀವ್‌ನಲ್ಲಿ ಭಾಷಾರಕ್ಷಕರ ದಂಡು ಒಂದು ಬೀದಿ ಸುತ್ತುತ್ತಿತ್ತು. ಯಿಡ್ಡಿಶ್‌ನಲ್ಲಿ ಮಾತಾಡುವವರನ್ನು ತಡೆದು ‘ಯಹೂದಿಯೇ, ಹೀಬ್ರೂ ಮಾತಾಡು’ ಅಂತ ಗದರುತ್ತಿತ್ತು. ಯಿಡ್ಡಿಶ್, ಸ್ಪೇನ್ ಮೂಲದ ಯಹೂದಿಗಳ ಲಾಡಿನೊ, ಯಹೂದಿ ಅರಬ್ಬಿ, ಕೊಚ್ಚಿಯ ಯಹೂದಿ ಮಲಯಾಳಂ ಎಲ್ಲವೂ ಬಡವಾದವು. ಹೀಬ್ರೂ ಪ್ರಚಾರದ ಬಗ್ಗೆ ಬರೆಯುವವರು ಈ ಭಾಗವನ್ನು ನುಂಗಿಕೊಂಡು ಮುಂದೆ ಹೋಗುವುದು ಜಾಸ್ತಿ.

ಅಮೆರಿಕಕ್ಕೆ ಇದೇ ಹುರುಪನ್ನು ತಂದವನು ಸ್ಯಾಮ್ಸನ್ ಬೆಂಡರ್ಲಿ. ಪ್ಯಾಲೆಸ್ಟೈನ್‌ನ ಸಫೇದ್ ಊರಿನವನು. ಡಾಕ್ಟರ್ ಆಗಲು ಬಾಲ್ಟಿಮೋರ್‌ಗೆ ಬಂದು, ವೈದ್ಯ ವೃತ್ತಿ ಬಿಟ್ಟು ಶಾಲೆ ಕಟ್ಟಲು ನಿಂತ. 1910ರಲ್ಲಿ ನ್ಯೂಯಾರ್ಕ್‌ನ ಯಹೂದಿ ಶಿಕ್ಷಣ ಕಚೇರಿಯ ಮುಖ್ಯಸ್ಥನಾದ. ಅವನೂ ಅವನ ಶಿಷ್ಯರೂ ಕಟ್ಟಿದ ಶಾಲೆಗಳಲ್ಲಿ ಪಾಠ ಹೀಬ್ರೂವಿನಲ್ಲೇ. ಬಾಸ್ಟನ್, ಫಿಲಡೆಲ್ಫಿಯಾಗಳಲ್ಲಿ ಹೀಬ್ರೂ ಮೇಷ್ಟ್ರುಗಳನ್ನು ತಯಾರು ಮಾಡುವ ಕಾಲೇಜುಗಳಿದ್ದವು. ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿಯ ತಂದೆ ವಿಲಿಯಂ ಚಾಮ್ಸ್ಕಿ ಫಿಲಡೆಲ್ಫಿಯಾದ ಗ್ರ್ಯಾಟ್ಜ್ ಕಾಲೇಜಿನಲ್ಲಿ ಹೀಬ್ರೂ ವ್ಯಾಕರಣ ಹೇಳಿಕೊಡುತ್ತಿದ್ದರು. ಮಗ 1951ರಲ್ಲಿ ಬರೆದ ಎಂ.ಎ. ಪ್ರಬಂಧವೂ ಹೀಬ್ರೂ ಮೇಲೆಯೇ. ಅಂಥ ಮನೆಗಳೂ ಆಗ ಇದ್ದವು.

ಆಮೇಲೆ ಏನಾಯಿತು? ಜನ ನಗರದ ನಡುವಿನಿಂದ ಹೊರವಲಯಕ್ಕೆ ಹೋದರು. ಶಾಲೆ ಸಿನಗಾಗ್‌ನ ಹಿಂದಿನ ಕೋಣೆಗೆ ಬಂತು. ಮೊದಲು ಸರ್ಕಾರಿ ಶಾಲೆ ಬಿಟ್ಟ ಮೇಲೆ ವಾರಕ್ಕೆ ಮೂರು ದಿನ, ಆರು ಗಂಟೆ ಅಂತ ಇತ್ತು. ಅದು ನಾಲ್ಕಕ್ಕೆ ಇಳಿಯಿತು, ಎಷ್ಟೋ ಕಡೆ ಎರಡಕ್ಕೆ ಬಂತು. ಫುಟ್‌ಬಾಲ್ ಇದೆ, ಪಿಯಾನೊ ಇದೆ, ಹೋಮ್‌ವರ್ಕ್ ಇದೆ. ಆ ಎರಡು ಗಂಟೆಯಲ್ಲಿ ಹಬ್ಬ, ಇತಿಹಾಸ, ಬೈಬಲ್ ಕಥೆ ಕಳೆದರೆ ಹೀಬ್ರೂವಿಗೆ ಉಳಿಯುವುದು ಒಂದು ಗಂಟೆ.

ಲೆಕ್ಕ ಹಾಕಿ. ವಾರಕ್ಕೆ ಒಂದು ಗಂಟೆ, ವರ್ಷಕ್ಕೆ 30 ವಾರ, ನಾಲ್ಕು ವರ್ಷ. ಒಟ್ಟು 120 ಗಂಟೆ. ಉಲ್ಪಾನ್‌ನಲ್ಲಿ ಐದು ತಿಂಗಳಿಗೇ ಸುಮಾರು 500 ಗಂಟೆ ಆಗುತ್ತದೆ. ಅಮೆರಿಕ ಸರ್ಕಾರ ತನ್ನ ರಾಜತಾಂತ್ರಿಕ ಅಧಿಕಾರಿಗಳಿಗೆ ಹೀಬ್ರೂ ಕಲಿಸಲು ಇಟ್ಟುಕೊಂಡಿರುವ ಅಳತೆ 44 ವಾರ, 1100 ಗಂಟೆ. ಅದೂ ಕಲಿಯುವುದೇ ಕೆಲಸವಾಗಿರುವ ದೊಡ್ಡವರಿಗೆ. 120 ಗಂಟೆಯಲ್ಲಿ, ಅದೂ ಸಂಜೆ ದಣಿದು ಬಂದ ಮಕ್ಕಳಿಗೆ, ಚುಕ್ಕಿ ಹಿಡಿದು ಓದುವುದನ್ನು ಕಲಿಸಬಹುದು. ಅದಕ್ಕಿಂತ ಜಾಸ್ತಿ ಕೇಳುವುದು ಮೇಷ್ಟ್ರಿಗೂ ಅನ್ಯಾಯ, ಮಕ್ಕಳಿಗೂ ಅನ್ಯಾಯ. ಆದರೂ ಪ್ರತಿ ತಲೆಮಾರೂ ‘ನಮ್ಮ ಪಠ್ಯಪುಸ್ತಕ ಸರಿಯಿಲ್ಲ, ಹೊಸದು ತರೋಣ’ ಅಂತ ಸಮಿತಿ ಮಾಡುತ್ತದೆ. ಗಂಟೆಯ ಮಾತನ್ನು ಯಾರೂ ಎತ್ತುವುದಿಲ್ಲ. ಎತ್ತಿದರೆ ಮಕ್ಕಳ ಅಪ್ಪ ಅಮ್ಮಂದಿರ ಜೊತೆ ಜಗಳವಾಗುತ್ತದಲ್ಲ.

ಇದರ ನಡುವೆ ಉಚ್ಚಾರಣೆಯ ಗಲಾಟೆ ಬೇರೆ. ವಾರದ ವಿಶ್ರಾಂತಿ ದಿನಕ್ಕೆ ಪೂರ್ವ ಯುರೋಪಿನವರು ‘ಶಬ್ಬೊಸ್’ ಅನ್ನುತ್ತಿದ್ದರು. ಇಸ್ರೇಲ್ ಹುಟ್ಟಿದ ಮೇಲೆ ಅಮೆರಿಕದ ಹೆಚ್ಚಿನ ಸಿನಗಾಗ್‌ಗಳು ಅಲ್ಲಿನ ‘ಶಬ್ಬಾತ್’ ಉಚ್ಚಾರಣೆಗೆ ತಿರುಗಿದವು. ಅಜ್ಜ ಒಂದು ಥರ ಪ್ರಾರ್ಥನೆ ಹೇಳಿದರೆ ಮೊಮ್ಮಗ ಇನ್ನೊಂದು ಥರ. ಕಟ್ಟಾ ಸಂಪ್ರದಾಯಸ್ಥ ಹರೇದಿ ಬಣಗಳು ಮಾತ್ರ ಹಳೆಯದನ್ನು ಬಿಡಲಿಲ್ಲ. ಅವರಲ್ಲಿ ಕೆಲವರಿಗೆ ಪವಿತ್ರ ಭಾಷೆಯನ್ನು ಬಸ್ ಟಿಕೆಟ್ ಕೇಳಲು ಬಳಸುವುದೇ ಅಪಚಾರ. ಓದಿಗೆ ಹೀಬ್ರೂ, ಮಾತಿಗೆ ಯಿಡ್ಡಿಶ್. ಹಳೆಯ ಗ್ರಂಥಗಳನ್ನು ಅತಿ ಹೆಚ್ಚು ಓದುವವರು ಈ ಜನವೇ ಅನ್ನುವುದನ್ನು ಹೀಬ್ರೂ ಪ್ರಚಾರಕರು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.

ಗಂಟೆಯ ತೊಡಕಿಗೆ ಸಿಕ್ಕ ಒಂದು ಜಾಣ ಉತ್ತರ ಬೇಸಿಗೆ ಶಿಬಿರ. ಅಮೆರಿಕದ ಯಹೂದಿ ಮಕ್ಕಳು ಬೇಸಿಗೆಯಲ್ಲಿ ವಾರಗಟ್ಟಲೆ ಕಾಡು, ಕೆರೆಯ ಪಕ್ಕದ ಶಿಬಿರದಲ್ಲಿ ಇರುತ್ತಾರೆ. ಹಗಲು ರಾತ್ರಿ ಅಲ್ಲೇ. 1941ರಲ್ಲಿ ಶುರುವಾದ ಮಸ್ಸದ್ ಶಿಬಿರದಲ್ಲಿ ನಿಯಮ ಸರಳ: ಹೀಬ್ರೂ ಮಾತ್ರ. ಊಟ, ಈಜು, ಜಗಳ, ಬೇಸ್‌ಬಾಲ್ ಎಲ್ಲ ಹೀಬ್ರೂವಿನಲ್ಲಿ. ಬೇಸ್‌ಬಾಲ್‌ಗೆ ಹೀಬ್ರೂವಿನಲ್ಲಿ ಪದಗಳೆಲ್ಲಿದ್ದವು? ಶಿಬಿರದವರೇ ಕಟ್ಟಿ ತಮ್ಮದೇ ಪದಕೋಶ ಮಾಡಿಕೊಂಡರು. 1947ರಲ್ಲಿ ವಿಸ್ಕಾನ್ಸಿನ್‌ನಲ್ಲಿ ರಾಮಾ ಶಿಬಿರ ಬಂತು. ಅಲ್ಲೂ ಮೊದಮೊದಲು ಇದೇ ಗುರಿ. ಕಾಲ ಹೋದಂತೆ ಹೀಬ್ರೂ ಬಾರದ ಮಕ್ಕಳು ಜಾಸ್ತಿಯಾದರು, ನಿಯಮ ಸಡಿಲವಾಯಿತು. ಮಸ್ಸದ್ 1981ರಲ್ಲಿ ಮುಚ್ಚಿತು. ರಾಮಾ ಉಳಿಯಿತು, ಬೆಳೆಯಿತು.

ಈಗ ಶಿಬಿರಗಳಲ್ಲಿ ಕೇಳುವುದು ಒಂದು ಬೆರಕೆ. ವಾಕ್ಯವೆಲ್ಲ ಇಂಗ್ಲಿಷ್, ನಡುನಡುವೆ ಹೀಬ್ರೂ ಹೆಸರುಗಳು. ಊಟದ ಮನೆ ‘ಹದರ್ ಓಖೆಲ್’. ಕೋಣೆ ಗುಡಿಸುವ ಹೊತ್ತು ‘ನಿಕಾಯೋನ್’. ಚಿಕಿತ್ಸಾ ಕೊಠಡಿಗೆ ಇಸ್ರೇಲಿನಲ್ಲಿ ‘ಮಿರ್ಪಾಆ’ ಅನ್ನುತ್ತಾರೆ. ಶಿಬಿರದ ಮಕ್ಕಳ ಬಾಯಲ್ಲಿ ಅದು ಮೊಟಕಾಗಿ ‘ಮಾರ್ಪ್’. ಹೊಟ್ಟೆನೋವು ಬಂದ ಹುಡುಗ ಇಂಗ್ಲಿಷ್‌ನಲ್ಲೇ ‘ಮಾರ್ಪ್‌ಗೆ ಹೋಗಬೇಕು’ ಅನ್ನುತ್ತಾನೆ. ಇಸ್ರೇಲಿನಿಂದ ಬಂದ ಮೇಲ್ವಿಚಾರಕನಿಗೆ ಏನೂ ತಿಳಿಯುವುದಿಲ್ಲ. ಹಬೋನಿಮ್ ದ್ರೋರ್ ಎಂಬ ಯುವ ಸಂಘಟನೆಯ ಶಿಬಿರಗಳು 2016ರಲ್ಲಿ ಇನ್ನೂ ಮುಂದೆ ಹೋದವು. ಹೀಬ್ರೂವಿನಲ್ಲಿ ಕ್ರಿಯಾಪದಕ್ಕೂ ಗಂಡು, ಹೆಣ್ಣು ಎಂಬ ಭೇದ ಇದೆ. ಎರಡೂ ಅಲ್ಲ ಎನ್ನುವ ಮಕ್ಕಳಿಗೆ ಏನೆನ್ನಬೇಕು? ಶಿಬಿರವಾಸಿಗೆ ‘ಖನಿಖ್’, ‘ಖನಿಖಾ’ ಜೊತೆಗೆ ‘ಖನಿಖೋಲ್’ ಎಂಬ ಹೊಸ ರೂಪ ಹುಟ್ಟಿಸಿದರು. ಇಸ್ರೇಲಿನವರು ಕೆಲವರು ನಕ್ಕರು, ಕೆಲವರು ಸಿಟ್ಟಾದರು.

ಸಾರಾ ಬುನಿನ್ ಬೆನೋರ್, ಜೊನಾಥನ್ ಕ್ರಾಸ್ನರ್, ಶೇರನ್ ಅವ್ನಿ ಎಂಬ ಮೂವರು ವಿದ್ವಾಂಸರು ಈ ಶಿಬಿರದ ಹೀಬ್ರೂವನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. ಇದನ್ನು ಕೆಟ್ಟ ಹೀಬ್ರೂ ಅಂತ ನೋಡಬೇಡಿ, ಇದರ ಕೆಲಸವೇ ಬೇರೆ ಎಂಬುದು ಅವರ ನೋಟ. ಮಕ್ಕಳಿಗೆ ಭಾಷೆ ಬರುವುದಿಲ್ಲ ನಿಜ. ಆದರೆ ಆ ಪದಗಳು ತಮ್ಮವು ಅನ್ನಿಸುತ್ತವೆ, ಪ್ರೀತಿ ಹುಟ್ಟುತ್ತದೆ. ಈ ಮಾತು ನನಗೆ ಅರ್ಧ ಒಪ್ಪಿಗೆ. ಪ್ರೀತಿ ಹುಟ್ಟಿದ ಮಗು ಮುಂದೆ ಕಾಲೇಜಿನಲ್ಲಿ ಭಾಷೆ ಕಲಿಯಲು ಬರಬಹುದು. ಹಾಗೆ ಬಂದಾಗ ಅಲ್ಲಿ ಪಾಠ ಇರಬೇಕಲ್ಲ?

ಗಂಟೆಗಳು ನಿಜವಾಗಿ ಸಿಗುವುದು ಪೂರ್ತಿ ದಿನದ ಯಹೂದಿ ಶಾಲೆಗಳಲ್ಲಿ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಪೋಲೆಂಡ್‌ನಲ್ಲಿ ತರ್ಬುತ್ ಎಂಬ ಶಾಲೆಗಳ ಜಾಲ ಶಿಶುವಿಹಾರದಿಂದ ಪ್ರೌಢಶಾಲೆವರೆಗೆ ಎಲ್ಲವನ್ನೂ ಹೀಬ್ರೂವಿನಲ್ಲಿ ಕಲಿಸಿ ತೋರಿಸಿತ್ತು. ಅಲ್ಲಿ ಕಲಿತ ಮಕ್ಕಳಲ್ಲಿ ಬಹುಪಾಲು ಜನ ನಾಜಿಗಳ ಕೈಯಲ್ಲಿ ಸತ್ತರು. ಇವತ್ತು ಮೆಕ್ಸಿಕೊ ನಗರದಲ್ಲಿ ಹೆಚ್ಚಿನ ಯಹೂದಿ ಮಕ್ಕಳು ಸಮುದಾಯದ ಶಾಲೆಗೇ ಹೋಗುತ್ತಾರೆ, ಮಾತೂ ಕಲಿಯುತ್ತಾರೆ. ಅಮೆರಿಕದಲ್ಲಿ ಇಂಥ ಶಾಲೆಯ ಫೀಸು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. 2007ರಲ್ಲಿ ಫ್ಲಾರಿಡಾದ ಹಾಲಿವುಡ್ ಎಂಬ ಊರಿನಲ್ಲಿ ಸರ್ಕಾರಿ ದುಡ್ಡಿನಲ್ಲಿ ನಡೆಯುವ ಹೀಬ್ರೂ ಶಾಲೆ ಬೆನ್ ಗಮ್ಲಾ ತೆರೆಯಿತು. ಫೀಸಿಲ್ಲ, ಎಲ್ಲ ಧರ್ಮದ ಮಕ್ಕಳೂ ಬರಬಹುದು, ಆದರೆ ಧರ್ಮದ ಪಾಠ ಇರಕೂಡದು. ಧರ್ಮ ಬಿಟ್ಟು ಹೀಬ್ರೂ ಕಲಿಸುವುದು ಹೇಗೆ ಎಂಬ ತಕರಾರು ಎದ್ದು ಕೆಲವು ವಾರ ಹೀಬ್ರೂ ಪಾಠವನ್ನೇ ನಿಲ್ಲಿಸಿದ್ದರು.

ದುಡ್ಡು, ಕಟ್ಟಡ, ಪುಸ್ತಕ ಏನೂ ಇಲ್ಲದೆ ಹೀಬ್ರೂ ಕಲಿತ ಜನವೂ ಇದ್ದಾರೆ. ಸೋವಿಯತ್ ಒಕ್ಕೂಟದಲ್ಲಿ ಯಿಡ್ಡಿಶ್‌ಗೆ ಅನುಮತಿ ಇತ್ತು, ಹೀಬ್ರೂ ಕಲಿಸುವುದಕ್ಕೆ ಇರಲಿಲ್ಲ. 1970, 80ರ ದಶಕದ ಮಾಸ್ಕೋದಲ್ಲಿ ಅಡುಗೆಮನೆಗಳೇ ಕ್ಲಾಸುಗಳು. ಹೊರಗಿನಿಂದ ಒಂದು ಪಠ್ಯಪುಸ್ತಕ ಬಂದರೆ ಪುಟ ಪುಟದ ಫೋಟೊ ತೆಗೆದು ಹಂಚುತ್ತಿದ್ದರು. ಎರಡು ತಿಂಗಳು ಮುಂದಿರುವವನು ಹಿಂದಿರುವವನಿಗೆ ಮೇಷ್ಟ್ರು. ಯೂಲಿ ಎಡೆಲ್‌ಸ್ಟೈನ್ ಎಂಬ ಯುವ ಮೇಷ್ಟ್ರನ್ನು 1984ರಲ್ಲಿ ಮಾದಕ ವಸ್ತುವಿನ ಸುಳ್ಳು ಕೇಸು ಹಾಕಿ ಶ್ರಮ ಶಿಬಿರಕ್ಕೆ ಕಳಿಸಿದರು. 2013ರಲ್ಲಿ ಅದೇ ಮನುಷ್ಯ ಇಸ್ರೇಲ್ ಸಂಸತ್ತಿನ ಸ್ಪೀಕರ್ ಆದ. ಆ ಸೋವಿಯತ್ ಯಹೂದಿಗಳಿಗೆ ಹೀಬ್ರೂ ಅಂದರೆ ದೇಶದಿಂದ ಹೊರಡುವ ದಾರಿ. ಹೊರವಲಯದ ದೊಡ್ಡ ಮನೆಯ ಅಮೆರಿಕನ್ ಹುಡುಗನಿಗೆ ಎಲ್ಲಿಗೂ ಹೊರಡುವ ಅಗತ್ಯವಿಲ್ಲ. ಹಾಗಾಗಿ ಅವನಿಗೆ ಸೋವಿಯತ್ ಕಥೆ ಹೇಳಿ ಹುರಿದುಂಬಿಸುವುದು ಹೆಚ್ಚು ಕೆಲಸ ಮಾಡುವುದಿಲ್ಲ.

ನಮ್ಮ ಪಕ್ಕದ ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳದ್ದು ಇನ್ನೊಂದು ಬಗೆ. ಮನೆಮಾತು ಮರಾಠಿ. ಒಂದು ಕಾಲಕ್ಕೆ ಅವರಲ್ಲಿ ಹೀಬ್ರೂ ಪ್ರಾರ್ಥನೆಯ ಮೊದಲ ಸಾಲಿನಷ್ಟೇ ಉಳಿದಿತ್ತು. ಕೊಚ್ಚಿಯ ಯಹೂದಿಗಳು ಬಂದು ಓದು ಕಲಿಸಿದರು. 19ನೇ ಶತಮಾನದಲ್ಲಿ ಜೋಸೆಫ್ ಎಜೆಕಿಯೆಲ್ ರಾಜಪುರ್ಕರ್ ಎಂಬ ಮುಂಬೈನ ಮುಖ್ಯೋಪಾಧ್ಯಾಯರು ಪ್ರಾರ್ಥನೆ ಪುಸ್ತಕಗಳನ್ನು ಒಂದೊಂದಾಗಿ ಮರಾಠಿಗೆ ತಂದರು. ಜನರಿಗೆ ಅರ್ಥ ಮುಟ್ಟಲು ಹೀಬ್ರೂ ವ್ಯಾಕರಣ ಕಲಿಯಲೇಬೇಕು ಅಂತ ಅವರು ಹಟ ಹಿಡಿಯಲಿಲ್ಲ. ಓದು ಹೀಬ್ರೂವಿನಲ್ಲಿ, ಅರ್ಥ ಮರಾಠಿಯಲ್ಲಿ. ನಾನು ಮೇಲೆ ಹೇಳಿದ ಮೂರು ಕೆಲಸಗಳನ್ನು ಇಷ್ಟು ಚೊಕ್ಕವಾಗಿ ಬೇರೆ ಮಾಡಿಕೊಂಡವರು ಕಡಿಮೆ.

ಅಮೆರಿಕದಲ್ಲೂ ಈಗ ಕೆಲವರು ಇಂಥದೇ ಬುದ್ಧಿವಂತಿಕೆಗೆ ಬಂದಿದ್ದಾರೆ. ಕ್ಲೀವ್‌ಲ್ಯಾಂಡ್‌ನ ಯಹೂದಿ ಶಿಕ್ಷಣ ಕೇಂದ್ರ ರೂಪಿಸಿದ ಒಂದು ಪಾಠಕ್ರಮದಲ್ಲಿ ಮೊದಲು ಪುಸ್ತಕವೇ ಇಲ್ಲ. ಮೇಷ್ಟ್ರು ‘ಕೂಮ್’ ಅಂದರೆ ಮಕ್ಕಳು ಏಳಬೇಕು, ‘ಶೇವ್’ ಅಂದರೆ ಕೂರಬೇಕು, ‘ರೂತ್ಸ್’ ಅಂದರೆ ಓಡಬೇಕು. ಬಾಗಿಲಿಗೆ ಓಡು, ಪುಸ್ತಕ ಎತ್ತು, ಮೂರು ಸುತ್ತು ಹಾಕು. ಬರುಬರುತ್ತಾ ಪ್ರಾರ್ಥನೆಯಲ್ಲಿ ಬರುವ ಪದಗಳು ಸೇರಿಕೊಳ್ಳುತ್ತವೆ. ಏಳು, ಕೂರು, ಬೆಳಕು, ರಾಜ, ರೊಟ್ಟಿ. ಕಿವಿಗೆ ಪದ ಗೊತ್ತಿದ್ದರೆ ಮುಂದೆ ಚುಕ್ಕಿ ಹಿಡಿದು ಓದುವಾಗ ಅದು ಬರೀ ಸದ್ದಾಗಿ ಉಳಿಯುವುದಿಲ್ಲ. ವಾರಕ್ಕೆ ಅರ್ಧ ಗಂಟೆಯಲ್ಲೂ ಇಷ್ಟು ಮಾಡಬಹುದು. ಹೀಗೆ ಕಿವಿಗೆ ಮೊದಲು ಕೊಡುವ ಕೆಲವು ಸಿನಗಾಗ್‌ಗಳು ಅಕ್ಷರ ಕಲಿಸುವುದನ್ನು ನಾಲ್ಕನೇ, ಐದನೇ ತರಗತಿವರೆಗೆ ಮುಂದಕ್ಕೆ ಹಾಕಿವೆ.

ಇದಕ್ಕೆ ವಿರೋಧ ಬರುವುದು ಹೆಚ್ಚಾಗಿ ಮನೆಯವರಿಂದಲೇ. ಮೂರನೇ ತರಗತಿಗೆ ಬಂದರೂ ಮಗುವಿಗೆ ಮೊದಲ ಅಕ್ಷರ ‘ಅಲೆಫ್’ ಬರೆಯಲು ಬರುವುದಿಲ್ಲ ಅಂದರೆ ಅಜ್ಜಿಗೆ ಆತಂಕ. ಬಾರ್ ಮಿಟ್ಸ್ವಾಕ್ಕೆ ಇನ್ನೆಷ್ಟು ವರ್ಷ ಇದೆ ಅಂತ ಅಪ್ಪ ಎಣಿಸುತ್ತಾನೆ. ಹತ್ತು ವರ್ಷದ ಮಗು ಅಕ್ಷರವನ್ನು ಆರು ವರ್ಷದ ಮಗುವಿಗಿಂತ ಬೇಗ ಹಿಡಿಯುತ್ತದೆ ಅಂತ ಮೇಷ್ಟ್ರು ಸಮಾಧಾನ ಹೇಳಬೇಕು. ಎಷ್ಟೋ ಕಡೆ ಸಮಾಧಾನ ಆಗುವುದಿಲ್ಲ, ಹಳೆಯ ಅಕ್ಷರದ ಪುಸ್ತಕವನ್ನೂ ಪಕ್ಕಕ್ಕೆ ಇಟ್ಟುಕೊಂಡು ಎರಡನ್ನೂ ಒಟ್ಟಿಗೆ ನಡೆಸುತ್ತಾರೆ.